ಸೋಲಾರ್ ಹಾಕಿಸುವ ಮೊದಲು ಕರೆಂಟ್ ಬಿಲ್ ಓದಿ

ಪ್ರಶ್ನೆ: ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮದೊಂದು ನಾಲ್ಕು ಮಹಡಿಯ ವಾಣಿಜ್ಯ ಸಂಕೀರ್ಣವಿದೆ. ಅಂಗಡಿ, ಕ್ಲಿನಿಕ್, ಕೋಚಿಂಗ್ ಸೆಂಟರ್‌ಗಳಿಗೆ ಪ್ರತ್ಯೇಕ ಮೀಟರ್‌ಗಳಿದ್ದು, ಲಿಫ್ಟ್, ಬೋರ್‌ವೆಲ್ ಮೋಟರ್, ಮೆಟ್ಟಿಲು ಹಾಗೂ ಪಾರ್ಕಿಂಗ್ ದೀಪಗಳ ಬಿಲ್ ನಮ್ಮ ಪಾಲಿಗೆ ಬರುತ್ತದೆ. ತಿಂಗಳಿಗೆ ಸುಮಾರು 900 ಯೂನಿಟ್ ಆಗುತ್ತಿದೆ. ನಿರ್ವಹಣಾ ಶುಲ್ಕ ಹೆಚ್ಚಿಸಲು ಬಾಡಿಗೆದಾರರು ಒಪ್ಪುತ್ತಿಲ್ಲ. 10 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಬಿಲ್ಲೇ ಬರುವುದಿಲ್ಲ, ಸಬ್ಸಿಡಿಯೂ ಸಿಗುತ್ತದೆ ಎಂದು ಮಾರಾಟ ಪ್ರತಿನಿಧಿಯೊಬ್ಬರು ಹೇಳುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ಹಾಕಿಸಬಹುದು, ಆದರೆ ಈಗಲೇ ಬೇಡ, ಅಷ್ಟು ದೊಡ್ಡದೂ ಬೇಡ. ಸಬ್ಸಿಡಿಯ ಮಾತನ್ನು ಮೊದಲು ಮುಗಿಸಿಬಿಡೋಣ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ ವಾಸದ ಮನೆಗಳಿಗೆ ಸೇರಿದ್ದು. ವಾಣಿಜ್ಯ ಸಂಪರ್ಕಕ್ಕೆ ಅದು ಅನ್ವಯಿಸುವುದಿಲ್ಲ. ಸವಕಳಿ (ವರ್ಷ ವರ್ಷ ಇಳಿಯುವ ಉಪಕರಣದ ಬೆಲೆ) ತೋರಿಸಿ ಆದಾಯ ತೆರಿಗೆ ಉಳಿಸಬಹುದೆಂದೂ ನಿಮಗೆ ಹೇಳಿರಬಹುದು. ಅದು ವ್ಯಾಪಾರದ ಆದಾಯ ತೋರಿಸುವವರಿಗೆ ನಿಜ. ಬಾಡಿಗೆಯನ್ನು ಕಟ್ಟಡದ ಆದಾಯವೆಂದು ತೋರಿಸುವವರಿಗೆ ಆ ಲಾಭವಿಲ್ಲವಾದ್ದರಿಂದ ನಿಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಕೊಳ್ಳಿ.

ಇನ್ನು ಬಿಲ್ಲಿನ ವಿಚಾರ. ಬೆಸ್ಕಾಂ ಬಿಲ್ಲಿನಲ್ಲಿ ಬಳಸಿದ ಯೂನಿಟ್ಟುಗಳ ಶುಲ್ಕ ಒಂದಾದರೆ, ಒಂದೇ ಹೊತ್ತಿಗೆ ಎಷ್ಟು ಎಳೆಯಬಹುದೆಂದು ನಿಮ್ಮ ಸಂಪರ್ಕಕ್ಕೆ ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ತೆರಬೇಕಾದ ನಿಗದಿತ ಶುಲ್ಕ ಇನ್ನೊಂದು. ಒಂದು ದೀಪವನ್ನೂ ಉರಿಸದಿದ್ದರೂ ಈ ಎರಡನೆಯದು ಬಂದೇ ಬರುತ್ತದೆ. ಸೋಲಾರ್ ಹಾಕಿಸಿದರೂ ತಪ್ಪುವುದಿಲ್ಲ. ‘ಬಿಲ್ಲೇ ಬರುವುದಿಲ್ಲ’ ಎಂಬ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ. ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು, ಮಂಜೂರಾದ ಲೋಡ್ ಎಷ್ಟು, ಮೀಟರ್ ದಾಖಲಿಸಿದ ಗರಿಷ್ಠ ಬೇಡಿಕೆ (ನೀವು ನಿಜಕ್ಕೂ ಎಳೆದ ಅತಿ ಹೆಚ್ಚು ಲೋಡ್) ಎಷ್ಟು ಎಂದು ಹೋಲಿಸಿ ನೋಡಿ. ಕಟ್ಟುವಾಗ ಗುತ್ತಿಗೆದಾರರು ಧಾರಾಳವಾಗಿ ಬರೆಸಿದ ಲೋಡ್‌ಗೆ ವರ್ಷಗಟ್ಟಲೆ ಹಣ ಕಟ್ಟುತ್ತಿರುವ ಮಾಲೀಕರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಲೋಡ್ ಇಳಿಸಲು ಅರ್ಜಿ ಹಾಕುವ ಮುನ್ನ ಏಪ್ರಿಲ್, ಮೇ ತಿಂಗಳ ಅಂಕಿಗಳನ್ನು ಅಗತ್ಯವಾಗಿ ಗಮನಿಸಿ. ಇಳಿಸಿದ ಮೇಲೆ ಬೇಡಿಕೆ ಮಿತಿ ದಾಟಿದರೆ ದಂಡ ಬೀಳುತ್ತದೆ. ಅದೇ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡವೂ (ಮೋಟರ್‌ನಂಥವು ಎಳೆದ ಕರೆಂಟ್ ಪೂರ್ತಿ ಕೆಲಸಕ್ಕೆ ಬಾರದಿದ್ದಾಗ ಬೀಳುವ ದಂಡ) ಕಂಡುಬಂದರೆ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಎಲೆಕ್ಟ್ರಿಷಿಯನ್‌ರಿಂದ ತೆರೆಸಿ ನೋಡಿ. ಒಳಗಿನ ಕೆಪಾಸಿಟರ್ ಉಬ್ಬಿದ್ದರೆ ಅಥವಾ ಅದರಿಂದ ಎಣ್ಣೆ ಸೋರಿದ್ದರೆ ಕಾರಣ ಅಲ್ಲಿಯೇ ಸಿಕ್ಕಂತಾಯಿತು.

ಬಿಲ್ ಏರಿದಾಗ ಎಲ್ಲರ ಕಣ್ಣೂ ಲಿಫ್ಟಿನ ಮೇಲೆ ಬೀಳುತ್ತದೆ. ನಾಲ್ಕು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ಓಡುವುದು ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರವಾದ್ದರಿಂದ, ನಿಜವಾದ ಖರ್ಚು ಹೆಚ್ಚಾಗಿ ದೀಪ ಮತ್ತು ನೀರಿನಲ್ಲಿ ಅಡಗಿರುತ್ತದೆ. ಪರೀಕ್ಷಿಸುವುದು ಸುಲಭ. ಅಂಗಡಿಗಳೆಲ್ಲ ಮುಚ್ಚಿದ ಮೇಲೆ, ಮೋಟರ್ ಆಫ್ ಮಾಡಿಸಿ, ಮೀಟರಿನ ಅಂಕಿ ಬರೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಮತ್ತೆ ಬರೆದುಕೊಳ್ಳಿ. ಯಾರೂ ಇಲ್ಲದ ಕಟ್ಟಡ ರಾತ್ರಿಯಿಡೀ ತಿನ್ನುವ ಯೂನಿಟ್ಟುಗಳು ಅವು. ಹಳೆಯ ಚೋಕ್ ಇರುವ 40 ವ್ಯಾಟ್ ಟ್ಯೂಬ್‌ಲೈಟ್ ಚೋಕೂ ಸೇರಿ ಸುಮಾರು 50 ವ್ಯಾಟ್ ಎಳೆಯುತ್ತದೆ. ಅಂಥ ಇಪ್ಪತ್ತು ದೀಪಗಳು ಹನ್ನೆರಡು ಗಂಟೆ ಉರಿದರೆ ದಿನಕ್ಕೆ 12 ಯೂನಿಟ್, ತಿಂಗಳಿಗೆ 360. ಅವುಗಳ ಜಾಗದಲ್ಲಿ 20 ವ್ಯಾಟ್‌ನ ಎಲ್‌ಇಡಿ ಹಾಕಿದರೆ ಅದೇ ಲೆಕ್ಕ 144ಕ್ಕೆ ಇಳಿಯುತ್ತದೆ. ಮೆಟ್ಟಿಲ ಬಳಿ ಜನ ಬಂದಾಗ ಮಾತ್ರ ಹೊತ್ತುವ ಸೆನ್ಸರ್ ಹಾಕಿಸಿದರೆ ಇನ್ನೂ ಕಡಿಮೆಯಾಗುತ್ತದೆ.

ನೀರಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಸಾಲದ ಕಡೆ ಆಳದ ಬೋರ್‌ವೆಲ್ಲೇ ಗತಿಯಾಗಿರುವ ಊರು ನಮ್ಮದು. ಇಲ್ಲಿ ಪೋಲಾಗುವ ಪ್ರತಿ ಬಿಂದಿಗೆ ನೀರೂ ಕರೆಂಟ್ ಸುಟ್ಟು ಮೇಲೆ ಬಂದದ್ದು. 5 ಎಚ್‌.ಪಿ. ಮೋಟರ್ ಗಂಟೆಗೆ ನಾಲ್ಕೂವರೆ ಯೂನಿಟ್‌ನಷ್ಟು ಬಳಸುತ್ತದೆ. ವಾಚ್‌ಮನ್ ಮರೆತು ದಿನಕ್ಕೊಂದು ಗಂಟೆ ಟ್ಯಾಂಕ್ ತುಂಬಿ ಹರಿದರೆ ತಿಂಗಳಿಗೆ 135 ಯೂನಿಟ್ ಚರಂಡಿಗೆ ಹೋದಂತೆ. ಟ್ಯಾಂಕ್ ತುಂಬಿದೊಡನೆ ಮೋಟರ್ ನಿಲ್ಲಿಸುವ ಲೆವೆಲ್ ಕಂಟ್ರೋಲರ್ ಹಾಕಿಸಿ. ಶೌಚಾಲಯದ ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಯಾರೂ ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಂಡರೆ ವಾಷರ್ ಸವೆದಿದೆ ಎಂದರ್ಥ. ಗಡಸು ನೀರಿನ ಊರಿನಲ್ಲಿ ಇದು ಪದೇ ಪದೇ ಆಗುವಂಥದ್ದೇ.

ಇಷ್ಟು ಮಾಡಿದರೆ ನಿಮ್ಮ 900 ಯೂನಿಟ್ 550ರ ಆಸುಪಾಸಿಗೆ ಬರಬಹುದು. ಆಗ ಸೋಲಾರ್ ಲೆಕ್ಕ ಹಾಕೋಣ. ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. 5 ಕಿಲೋವ್ಯಾಟ್‌ನಿಂದ ತಿಂಗಳಿಗೆ 600 ಯೂನಿಟ್ ಆಯಿತು. 10 ಕಿಲೋವ್ಯಾಟ್ ಹಾಕಿಸಿದರೆ ಮಿಕ್ಕದ್ದನ್ನು ನೀವು ಕೊಳ್ಳುವ ದರಕ್ಕಿಂತ ಕಡಿಮೆ ದರಕ್ಕೆ ಗ್ರಿಡ್‌ಗೆ ಬಿಡಬೇಕಾಗುತ್ತದೆ. ಆ ಮಿಕ್ಕ ವಿದ್ಯುತ್ತನ್ನು ಅಂಗಡಿಗಳಿಗೆ ಹಂಚೋಣವೆಂದರೆ, ಸೋಲಾರ್ ಯಾವ ಆರ್‌.ಆರ್. ಸಂಖ್ಯೆಗೆ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಜೋಡಣೆಯಾಗಿದೆಯೋ ಸಾಮಾನ್ಯವಾಗಿ ಆ ಬಿಲ್ ಮಾತ್ರ ಇಳಿಯುತ್ತದೆ, ಬಾಡಿಗೆದಾರರದಲ್ಲ. ಫಲಕಗಳ ಮೇಲೆ ನೀರಿನ ಟ್ಯಾಂಕಿನದಾಗಲಿ, ಪಕ್ಕದ ಕಟ್ಟಡದ್ದಾಗಲಿ ನೆರಳು ಬೀಳದ ಸುಮಾರು 500 ಚದರ ಅಡಿ ಜಾಗ ನಿಮ್ಮ ತಾರಸಿಯಲ್ಲಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಪ್ರಶ್ನೆ: ತಿಪಟೂರಿನಲ್ಲಿ ನಮ್ಮ ಕಲ್ಯಾಣ ಮಂಟಪವಿದೆ. ಕರೆಂಟ್ ಹೋದಾಗ 62.5 ಕೆವಿಎ ಜನರೇಟರ್ ಓಡಿಸುತ್ತೇವೆ. ಡೀಸೆಲ್ ಖರ್ಚು ತಡೆಯಲಾಗುತ್ತಿಲ್ಲ.

ಉತ್ತರ: ಮುಕ್ಕಾಲು ಭಾಗ ಲೋಡ್ ಇದ್ದಾಗ ಜನರೇಟರ್ ಲೀಟರ್ ಡೀಸೆಲ್‌ಗೆ ಮೂರರಿಂದ ಮೂರೂವರೆ ಯೂನಿಟ್ ಕೊಡುತ್ತದೆ. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಯೂನಿಟ್‌ಗೆ 26ರಿಂದ 30 ರೂಪಾಯಿ ಬೀಳುತ್ತದೆ. ಮುಹೂರ್ತ ಮುಗಿದು, ಅಡುಗೆಮನೆಯ ದೀಪ ಮತ್ತು ವಧೂವರರ ಕೋಣೆಯ ಫ್ಯಾನ್‌ಗಳಿಗಷ್ಟೇ ಅದನ್ನು ಓಡಿಸಿದಾಗ ಲೀಟರಿಗೆ ಎರಡು ಯೂನಿಟ್ ಸಿಗುವುದೂ ಕಷ್ಟ. ಜೊತೆಗೆ ಸರಿಯಾಗಿ ಉರಿಯದ ಡೀಸೆಲ್ ಮಸಿಯಾಗಿ ಸೈಲೆನ್ಸರಿನಲ್ಲಿ ಕಟ್ಟಿಕೊಂಡು ಎಂಜಿನ್ನೂ ಹಾಳಾಗುತ್ತದೆ. ರಾತ್ರಿಯ ಸಣ್ಣ ಲೋಡನ್ನು ಬೇರೆ ಲೈನಿಗೆ ಹಾಕಿಸಿ, ಇನ್ವರ್ಟರ್‌ಗೋ ಚಿಕ್ಕ ಜನರೇಟರ್‌ಗೋ ಕೊಡಿ. ಸೀರಿಯಲ್ ಸೆಟ್, ಧ್ವನಿವರ್ಧಕದವರು ಎಳೆದುಕೊಳ್ಳುವ ಕರೆಂಟಿಗೆ ಸಬ್‌ಮೀಟರ್ ಅಳವಡಿಸಿ, ಬಾಡಿಗೆ ಕರಾರಿನಲ್ಲೇ ಬರೆದು, ಯೂನಿಟ್ ಲೆಕ್ಕದಲ್ಲಿ ಪಾರ್ಟಿಯವರಿಂದ ವಸೂಲು ಮಾಡಿ. ಜನರೇಟರ್ ಓಡಿದ ಹೊತ್ತಿಗೆ ದರ ಬೇರೆ ಎಂಬುದನ್ನೂ ಅಡ್ವಾನ್ಸ್ ಪಡೆಯುವ ದಿನವೇ ತಿಳಿಸಿಬಿಡಿ.