ಡ್ರ್ಯಾಗನ್‌ಗೂ ವಯಸ್ಸಾಗುತ್ತದೆ

ಪತ್ರ: ‘ಸ್ಯಾವೇಜ್ ಡ್ರ್ಯಾಗನ್’ ಕಾಮಿಕ್ಸನ್ನು ಕಳೆದ ಸಂಚಿಕೆಯಲ್ಲಿ ತುಂಬಾ ಹೊಗಳಿದ್ದೀರಿ. ನಿಮ್ಮ ಮಾತು ನಂಬಿ ಇತ್ತೀಚಿನ ಕೆಲವು ಸಂಚಿಕೆ ಓದಿದೆ. ಯಾರು ಯಾರಿಗೆ ಏನಾಗಬೇಕೆಂದೇ ತಿಳಿಯಲಿಲ್ಲ. ಮಗನ ಕೈಗೆ ಕೊಡುವಂಥದ್ದಂತೂ ಅಲ್ಲ. ಇದರಲ್ಲಿ ನೀವು ಕಂಡದ್ದೇನು?
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ:

ಮಗನ ಕೈಗೆ ಖಂಡಿತ ಕೊಡಬೇಡಿ. ಇದು ದೊಡ್ಡವರ ಓದು.

ನಾನು ಕಂಡದ್ದು ಕಾಲ ಸರಿಯುವುದನ್ನು. 1962ರಲ್ಲಿ ಹೈಸ್ಕೂಲು ಹುಡುಗನಾಗಿ ಬಂದ ಸ್ಪೈಡರ್‌ಮ್ಯಾನ್ ಇವತ್ತಿಗೂ ಯುವಕನೇ. ‘ಸ್ಯಾವೇಜ್ ಡ್ರ್ಯಾಗನ್’ ಸೃಷ್ಟಿಸಿದ ಎರಿಕ್ ಲಾರ್ಸನ್ ಹಾಗೆ ಮಾಡಲಿಲ್ಲ. ಹೊರಗೆ ವರ್ಷ ಉರುಳಿದರೆ ಅವರ ಕಥೆಯೊಳಗೂ ವರ್ಷ ಉರುಳುತ್ತದೆ. 1992ರಲ್ಲಿ, ಉರಿಯುವ ಬಯಲಿನಲ್ಲಿ ನೆನಪು ಕಳೆದುಕೊಂಡು ಬಿದ್ದಿದ್ದ ಹಸಿರು ಮೈಯವನೊಬ್ಬ, ಅವನೇ ಡ್ರ್ಯಾಗನ್, ಷಿಕಾಗೋ ಪೊಲೀಸ್ ಆದ. ಅವನ ಮಗ ಮಾಲ್ಕಮ್ ನಮ್ಮ ಕಣ್ಣೆದುರೇ ಬೆಳೆದ, ಮ್ಯಾಕ್ಸೀನ್‌ಳನ್ನು ಮದುವೆಯಾದ, ತಂದೆಯಾದ. 2017ರಲ್ಲಿ, 225ನೇ ಸಂಚಿಕೆಯಲ್ಲಿ, ಅಪ್ಪ ಡ್ರ್ಯಾಗನ್ ತೀರಿಕೊಂಡ. ಇಪ್ಪತ್ತೈದು ವರ್ಷ ಜೊತೆಗಿದ್ದವನ ಸಾವು ಅದು. ಓದುಗನೂ ಅವನೊಡನೆ ಅಷ್ಟೇ ವಯಸ್ಸು ಕಳೆದಿರುತ್ತಾನೆ. ಆಮೇಲೆ ಕಥೆಯೊಳಗಿನ ಟ್ರಂಪ್ ಆಡಳಿತ ಅನ್ಯಗ್ರಹದವರನ್ನು ದೇಶದಿಂದ ಹೊರಹಾಕಲು ಹೊರಟಾಗ, ಅನ್ಯಗ್ರಹದವನ ಮಗನಾದ ಮಾಲ್ಕಮ್ ಸಂಸಾರ ಸಮೇತ ಟೊರಾಂಟೊಗೆ ಹೋಗಿ ನೆಲೆಸಿದ. ಸೂಪರ್‌ಹೀರೋ ಒಬ್ಬ ಹೀಗೆ ಊರು ಬಿಡುವುದನ್ನು ನಾನು ಬೇರೆಲ್ಲೂ ಓದಿಲ್ಲ.

ಇನ್ನು ನಿಮ್ಮ ದೂರು. ಸ್ಪೈಡರ್‌ಮ್ಯಾನ್‌ನ ಪ್ರಕಾಶಕರಾದ ಮಾರ್ವೆಲ್‌ನಲ್ಲಿ ಹೆಸರು ಮಾಡಿದ್ದ ಲಾರ್ಸನ್, ಪಾತ್ರದ ಹಕ್ಕು ಕಲಾವಿದನಲ್ಲೇ ಉಳಿಯಬೇಕೆಂದು ಗೆಳೆಯರೊಡನೆ ಸೇರಿ ಇಮೇಜ್ ಕಾಮಿಕ್ಸ್ ಎಂಬ ಪ್ರಕಾಶನ ಸಂಸ್ಥೆ ಕಟ್ಟಿದವರು. ಅಂದಿನಿಂದ ಈ ಸರಣಿಯನ್ನು ಬರೆಯುವವರೂ ಅವರೇ, ಚಿತ್ರಿಸುವವರೂ ಅವರೇ. ಕಾಲವನ್ನು ಹೀಗೆ ಹರಿಯಬಿಡುವ ಧೈರ್ಯ ಬಂದದ್ದು ಆ ಸ್ವಾತಂತ್ರ್ಯದಿಂದ. ‘ಇಲ್ಲಿಗೆ ಸಾಕು’ ಅನ್ನುವವರು ಇಲ್ಲದೆ ಹೋದದ್ದೂ ಅದರಿಂದಲೇ. ಇತ್ತೀಚಿನ ವರ್ಷಗಳ ಮಲಗುವ ಕೋಣೆಯ ದೃಶ್ಯಗಳನ್ನೇ ನೋಡಿ. ಮಡಿವಂತಿಕೆಯಿಂದ ಹೇಳುತ್ತಿಲ್ಲ. ಮ್ಯಾಕ್ಸೀನ್‌ಳಂಥ ಚುರುಕಿನ ಹೆಣ್ಣಿಗೆ ಬೇರೆ ಆಸೆಯೇ ಇಲ್ಲವೇನೋ ಅನ್ನಿಸಿಬಿಡುತ್ತದೆ, ನನಗೆ ನೋವಾಗುವುದು ಅಲ್ಲಿ. ಪಾತ್ರಗಳೂ ವಿಪರೀತ. ಯಾವತ್ತೋ ಬಂದುಹೋದವರು ನೆನ್ನೆ ಭೇಟಿಯಾದವರ ಹಾಗೆ ಬಂದು ನಿಲ್ಲುತ್ತಾರೆ. ಹೊಸಬರು ಕಂಗಾಲಾಗದೆ ಇರುತ್ತಾರೆಯೇ?

ಎಲ್ಲಕ್ಕಿಂತ ನನ್ನನ್ನು ಕಾಡುವುದು ವಿಳಂಬ. ತಿಂಗಳಿಗೊಂದು ಬರಬೇಕಾದ ಸಂಚಿಕೆ ಎಷ್ಟೋ ಸಲ ತಿಂಗಳುಗಟ್ಟಲೆ ಬರುವುದಿಲ್ಲ. ಬೇರೆ ಸರಣಿಯಲ್ಲಾದರೆ ಕಾದರಾಯಿತು. ಇಲ್ಲಿ ಕಾಲ ನಿಲ್ಲುವುದಿಲ್ಲವಲ್ಲ, ತಡವಾದಷ್ಟೂ ಮಾಲ್ಕಮ್‌ನ ಮಕ್ಕಳ ಬಾಲ್ಯದ ದಿನಗಳು ನಮ್ಮ ಕೈಗೆ ಸಿಗದೆ ಹೋಗುತ್ತವೆ.

ನೀವು ತಪ್ಪು ಬಾಗಿಲಿನಿಂದ ಒಳಹೊಕ್ಕಿದ್ದೀರಿ. 1992–93ರ ಮೊದಲ ಸಂಚಿಕೆಗಳಿಂದ ಶುರುಮಾಡಿ. ಕಥೆ ಆಗ ಒಬ್ಬ ಪೊಲೀಸನ ಸುತ್ತಲೇ ಇತ್ತು. ಅಷ್ಟು ಹಿಂದಕ್ಕೆ ಹೋಗಲಾಗದಿದ್ದರೆ ಮಾಲ್ಕಮ್ ನಾಯಕನಾಗುವ 193ನೇ ಸಂಚಿಕೆ ಹಿಡಿಯಿರಿ, ಅಲ್ಲಿಂದ ಅಪ್ಪನ ಸಾವಿನವರೆಗೆ ಓದಿ. ಆಮೇಲೂ ಹಿಡಿಸದಿದ್ದರೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಪ್ರಕಟಿಸುತ್ತೇನೆ.