ಹೋಗ್ತಾ 60, ಬರ್ತಾ 40, ಸರಾಸರಿ 50 ಅಲ್ವಾ?

ಪ್ರಶ್ನೆ: ಹಾಸನದಿಂದ ಮೈಸೂರಿಗೆ ಹೋಗ್ತಾ ಗಂಟೆಗೆ 60ರಲ್ಲಿ ಹೋದ್ವಿ, ಬರ್ತಾ ಮಳೆ ಅಂತ 40ರಲ್ಲೇ ಬಂದ್ವಿ. ಸರಾಸರಿ 50 ಆಗ್ಬೇಕಲ್ವಾ ಸಾರ್? ಕಾರಿನ ಮೀಟರ್ 48 ತೋರಿಸ್ತಿದೆ. ನಮ್ಮ ಯಜಮಾನ್ರು ಮೀಟರ್ ಕೆಟ್ಟಿದೆ, ಗ್ಯಾರೇಜಿಗೆ ಬಿಡ್ತೀನಿ ಅಂತಿದಾರೆ.
— ಓದುಗರು, ಹಾಸನ

ಉತ್ತರ: ಗ್ಯಾರೇಜಿಗೆ ಬಿಡ್ಬೇಡಿ ಅಂತ ಹೇಳಿ ಅಮ್ಮ, ಮೀಟರ್ ಪಾಪ ಸರಿಯಾಗೇ ಇದೆ. ನೀವು ಎರಡು ಸ್ಪೀಡ್ ಕೂಡಿಸಿ ಎರಡರಿಂದ ಭಾಗಿಸಿಬಿಟ್ರಿ, ಎಲ್ರೂ ಮಾಡೋದು ಅದನ್ನೇ. ಆದ್ರೆ ಸರಾಸರಿ ವೇಗ ಅಂದ್ರೆ ಓಡಿದ ಒಟ್ಟು ದೂರನ ಹಿಡಿದ ಒಟ್ಟು ಟೈಮಿಂದ ಭಾಗಿಸೋದು, ಅಷ್ಟೇ. ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋದ್ರೆ ಮೈಸೂರಿಗೆ ಹೆಚ್ಚುಕಮ್ಮಿ 120 ಕಿಲೋಮೀಟರ್ ಅಂತ ಇಟ್ಕೊಳ್ಳಿ. ಹೋಗೋಕೆ 2 ಗಂಟೆ, ಬರೋಕೆ 3 ಗಂಟೆ. 240 ಕಿಲೋಮೀಟರ್‌ಗೆ 5 ಗಂಟೆ, ಅಂದ್ರೆ 48. ನಿಧಾನವಾಗಿ ಬಂದಾಗ ರಸ್ತೆ ಮೇಲೆ ಒಂದು ಗಂಟೆ ಜಾಸ್ತಿ ಇದ್ರಲ್ಲ, ಅದಕ್ಕೇ ಸರಾಸರಿ 40ರ ಕಡೆ ವಾಲ್ತು. 2 ಗಂಟೆ 60ರಲ್ಲಿ, ಇನ್ನೆರಡು ಗಂಟೆ 40ರಲ್ಲಿ ಓಡಿಸಿದ್ರೆ ನಿಮ್ಮ 50 ಸರಿ ಆಗ್ತಿತ್ತು.

ದೂರ ಎಷ್ಟಾದ್ರೂ ಇರ್ಲಿ, ಹೋಗಿದ್ದಷ್ಟೇ ದೂರ ವಾಪಸ್ ಬಂದ್ರೆ ಸಾಕು, ಎರಡು ಸ್ಪೀಡಿನ ಗುಣಲಬ್ಧದ ಎರಡರಷ್ಟನ್ನ ಅವುಗಳ ಮೊತ್ತದಿಂದ ಭಾಗಿಸಿ: 4800 ಭಾಗಿಸು 100. ಇದಕ್ಕೆ ಹಾರ್ಮೋನಿಕ್ ಮೀನ್ ಅಂತಾರೆ, ಹೆಸರು ಮರೆತ್ರೂ ಪರವಾಗಿಲ್ಲ. (ಹೊಳೆನರಸೀಪುರದಲ್ಲಿ ಅರ್ಧ ಗಂಟೆ ಕಾಫಿಗೆ ನಿಂತು ಆ ಟೈಮೂ ಸೇರಿಸಿದ್ರೆ 44ಕ್ಕೂ ಕೆಳಗೆ ಇಳಿಯುತ್ತೆ!)

ಯಜಮಾನ್ರಿಗೆ ಒಂದು ಪ್ರಶ್ನೆ ಕೇಳಿ. ಹೋಗ್ತಾ 30ರಲ್ಲೇ ಹೋದ್ರೆ, ಒಟ್ಟು ಸರಾಸರಿ 60 ಬರೋಕೆ ವಾಪಸ್ ಎಷ್ಟು ಸ್ಪೀಡಲ್ಲಿ ಬರ್ಬೇಕು? 90 ಅಂತಾರೆ, ನೋಡ್ತಿರಿ. 240 ಕಿಲೋಮೀಟರ್ 60ರಲ್ಲಿ ಅಂದ್ರೆ ಇರೋದೇ 4 ಗಂಟೆ, 30ರಲ್ಲಿ ಮೈಸೂರು ಮುಟ್ಟೋ ಹೊತ್ತಿಗೇ ಅದು ಪೂರ್ತಿ ಖರ್ಚಾಗಿರುತ್ತೆ, ರಾಕೆಟ್ ಹತ್ತಿ ಬಂದ್ರೂ ಆಗಲ್ಲ. ಹಿಂಗೇ ಗುಡ್ಡ ಹತ್ತಿ ಇಳಿಯೋ ಹಳೇ ಕಾರಿನ ಲೆಕ್ಕನ ಮನಃಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ ಪತ್ರದಲ್ಲಿ ಐನ್‌ಸ್ಟೈನ್‌ಗೆ ಕಳಿಸಿದ್ರಂತೆ, ಇಳಿಯೋಕೆ ಟೈಮೇ ಉಳಿದಿಲ್ಲ ಅನ್ನೋದು ಅವರಿಗೂ ಲೆಕ್ಕ ಹಾಕಿದ ಮೇಲೇ ಗೊತ್ತಾಗಿದ್ದು. ಯಜಮಾನ್ರು 90 ಅಂದ್ರೆ ಜಾಸ್ತಿ ನಗಬೇಡಿ.