ಮೈದೊದಿಂದ ಕಡಲವರೆಗೆ: ರಿಯೂನಿಯನ್ ಮೆಗಾವಲಾಂಚ್‌ಗೆ ಹೊರಟವರ ಪ್ರಶ್ನೆಗಳು

ಮಡಗಾಸ್ಕರಿನ ಪೂರ್ವಕ್ಕಿರುವ ರಿಯೂನಿಯನ್, ಹಿಂದೂ ಮಹಾಸಾಗರದಲ್ಲಿದ್ದರೂ ಫ್ರಾನ್ಸಿನದೇ ಒಂದು ಭಾಗ. ದ್ವೀಪದ ಪಶ್ಚಿಮದಲ್ಲಿ 2,205 ಮೀಟರ್ ಎತ್ತರದ ಮೈದೊ ಎಂಬ ಅಂಚು ಇದೆ. ಅಲ್ಲಿಂದ ಎಲ್ಲರನ್ನೂ ಒಟ್ಟಿಗೆ ಬಿಟ್ಟು, ಸೇಂಟ್ ಪಾಲ್ ಕಡೆಯ ಕಡಲ ಮಟ್ಟದವರೆಗೆ ಇಳಿಸುವ ಮೌಂಟನ್ ಬೈಕ್ ಓಟವೇ ಮೆಗಾವಲಾಂಚ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದಕ್ಕಿಂತ ಎತ್ತರದಿಂದ ಹೊರಟು, ಒಂದೇ ಓಟದಲ್ಲಿ ಸಮುದ್ರ ಮುಟ್ಟುವುದು. ಓಟ ಸಾಮಾನ್ಯವಾಗಿ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲಲ್ಲಿ ಬರುತ್ತದೆ. ಈ ತಿಂಗಳು ಬಂದ ಪ್ರಶ್ನೆಗಳೆಲ್ಲ ಇದರ ಸುತ್ತಲೇ.

ಷೆಂಗೆನ್ ವೀಸಾ ಈಗಾಗಲೇ ಇದೆ. ಅದರಲ್ಲೇ ಹೋಗಬಹುದಲ್ಲವೇ? ದಾರಿ ಯಾವುದು ಹಿಡಿಯಬೇಕು? — ಓದುಗರು, ಬೆಂಗಳೂರು

ಸಾಮಾನ್ಯವಾಗಿ ಆಗುವುದಿಲ್ಲ. ರಿಯೂನಿಯನ್ ಫ್ರಾನ್ಸಿನದ್ದಾದರೂ ಷೆಂಗೆನ್ ಪ್ರದೇಶದ ಒಳಗಿಲ್ಲ. ಅರ್ಜಿ ತುಂಬುವಾಗಲೇ ಹೋಗುವ ಸ್ಥಳ ರಿಯೂನಿಯನ್ ಎಂದು ಬರೆಯಬೇಕು. ಸಿಗುವ ವೀಸಾದ ಮೇಲೆ ಆ ಪ್ರದೇಶಕ್ಕೆ ಮಾನ್ಯ ಎಂಬ ಉಲ್ಲೇಖ ಇದೆಯೇ ಎಂದು ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ನೋಡಿ. ಓಟದ ನೋಂದಣಿ ಪತ್ರ, ವಸತಿಯ ಬುಕಿಂಗ್, ವಿಮೆ ಮೂರೂ ಅರ್ಜಿಯ ಜೊತೆಗಿರಲಿ.

ದಾರಿಗೆ ಎರಡು ಆಯ್ಕೆ. ಏರ್ ಆಸ್ಟ್ರಲ್‌ನ ಚೆನ್ನೈ ಹಾರಾಟ ನಿಮ್ಮ ದಿನಾಂಕಕ್ಕೆ ಇದ್ದರೆ ಬೇರೇನೂ ಯೋಚಿಸಬೇಡಿ. ಪೆಟ್ಟಿಗೆ ಒಮ್ಮೆ ಹತ್ತಿ ಒಮ್ಮೆ ಇಳಿಯುತ್ತದೆ. ಅದು ದಿನವೂ ಇರುವ ಹಾರಾಟವಲ್ಲ, ಋತುವಿಗೆ ತಕ್ಕಂತೆ ಬದಲಾಗುತ್ತದೆ. ಇನ್ನೊಂದು ಮಾರಿಷಸ್ ಮೂಲಕ. ಭಾರತೀಯ ಪಾಸ್‌ಪೋರ್ಟಿಗೆ ಅಲ್ಲಿ ಮುಂಚಿತ ವೀಸಾ ಬೇಡ. ಅಲ್ಲಿಂದ ರಿಯೂನಿಯನ್‌ಗೆ ಮುಕ್ಕಾಲು ಗಂಟೆಯ ಹಾರಾಟ ಅಷ್ಟೆ, ಆದರೆ ತೊಂದರೆ ಇರುವುದೇ ಆ ಮುಕ್ಕಾಲು ಗಂಟೆಯಲ್ಲಿ. ಈ ದಾರಿಯಲ್ಲಿ ಹಾರುವುದು ಹೆಚ್ಚಾಗಿ ಎಟಿಆರ್ ಎಂಬ ಚಿಕ್ಕ ವಿಮಾನಗಳು. ಸಾಮಾನು ಕೋಣೆ ಚಿಕ್ಕದು. ಓಟದ ವಾರದಲ್ಲಿ ಹತ್ತಾರು ಸೈಕಲ್ ಪೆಟ್ಟಿಗೆ ಒಟ್ಟಿಗೆ ಬಂದರೆ ಕೆಲವು ಮುಂದಿನ ವಿಮಾನಕ್ಕೆ ಉಳಿಯುತ್ತವೆ. ಟಿಕೆಟ್ ಕೊಂಡ ಕೂಡಲೇ ಪೆಟ್ಟಿಗೆಯ ಉದ್ದ, ಅಗಲ, ಎತ್ತರ, ತೂಕ ಬರೆದು ವಿಮಾನ ಸಂಸ್ಥೆಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಮೊದಲ ಅಭ್ಯಾಸದ ದಿನಕ್ಕಿಂತ ಎರಡು ದಿನ ಮುಂಚೆ ತಲುಪಿ. ಆ ಎರಡು ದಿನಗಳ ಬಾಡಿಗೆ ಉಳಿಸಲು ಹೋಗಿ ಓಟವನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ಬೈಕ್ 16 ಕೆ.ಜಿ. ಇದೆ. 23 ಕೆ.ಜಿ. ಮಿತಿಯಲ್ಲಿ ಪ್ಯಾಕ್ ಮಾಡುವುದು ಹೇಗೆ? ವಾಪಸ್ ಬರುವಾಗ ಕಸ್ಟಮ್ಸ್‌ನವರು ಸುಂಕ ಕೇಳುತ್ತಾರೆಯೇ? — ಓದುಗರು, ಹುಬ್ಬಳ್ಳಿ

ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೇ ಹತ್ತು ಕೆ.ಜಿ. ದಾಟುವುದುಂಟು, ಅದರಲ್ಲಿ ನಿಮ್ಮ ಲೆಕ್ಕ ಕೂಡುವುದಿಲ್ಲ. ಸೈಕಲ್ ಅಂಗಡಿಯಲ್ಲಿ ಸಿಗುವ ರಟ್ಟಿನ ಪೆಟ್ಟಿಗೆ ಅಥವಾ ಹಗುರ ಮೆತ್ತೆ ಚೀಲವೇ ಸರಿ. ಉಪಕರಣ, ಹೆಲ್ಮೆಟ್, ರಕ್ಷಾಕವಚ ಇನ್ನೊಂದು ಚೀಲಕ್ಕೆ.

ಬಿಚ್ಚುವ ಕ್ರಮ ಹೀಗಿರಲಿ: ಪೆಡಲ್ (ಎಡಗಡೆಯದರ ತಿರುಪು ಉಲ್ಟಾ ಎಂಬುದು ನೆನಪಿರಲಿ), ಚಕ್ರಗಳು, ಚಕ್ರಗಳಿಂದ ರೋಟರ್‌ಗಳು (ಬ್ರೇಕಿನ ಲೋಹದ ತಟ್ಟೆಗಳು). ರೋಟರ್ ಚಕ್ರದಲ್ಲೇ ಇದ್ದರೆ ಬಾಗಿದ್ದೇ ಬಾಗಿದ್ದು. ರೋಟರನ್ನು ಹಿಡಿಯುವ ಕ್ಯಾಲಿಪರ್ ಒಳಗೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಇಲ್ಲವೆಂದರೆ ದಾರಿಯಲ್ಲಿ ಲಿವರ್ ಒತ್ತಿಹೋಗಿ ಬ್ರೇಕ್ ಪ್ಯಾಡ್‌ಗಳು ಅಂಟಿಕೊಂಡಿರುತ್ತವೆ. ಗೇರ್ ಬದಲಿಸುವ ಹಿಂದಿನ ಡಿರೇಲರ್ ಕಳಚಿ ಬಟ್ಟೆ ಸುತ್ತಿ ಚೌಕಟ್ಟಿನೊಳಗೆ ಕಟ್ಟಿ. ಮುಂದಿನ ಫೋರ್ಕ್ ಕಾಲುಗಳ ನಡುವೆ ಆಕ್ಸಲ್ (ಚಕ್ರದ ಅಚ್ಚು) ತಿರುಗಿ ಹಾಕಿಡಿ, ಪೆಟ್ಟಿಗೆ ಮೇಲೆ ಭಾರ ಬಿದ್ದರೂ ಕಾಲುಗಳು ಒತ್ತಿಕೊಳ್ಳುವುದಿಲ್ಲ. ಹ್ಯಾಂಡಲ್‌ಬಾರ್ ತೆಗೆಯುವ ಮೊದಲು ಅದರ ಕೋನ ಗುರುತಿಸಲು ಒಂದು ಟೇಪ್ ಅಂಟಿಸಿ. ತಿರುಗಿ ಜೋಡಿಸುವಾಗ ಹ್ಯಾಂಡಲ್‌ಬಾರ್ ಹಿಡಿಯುವ ಸ್ಟೆಮ್‌ನ ಬೋಲ್ಟ್‌ಗಳ ಬಿಗಿತ ಬಹುಪಾಲು 5ರಿಂದ 6 ನ್ಯೂಟನ್ ಮೀಟರ್. ಸ್ಟೆಮ್ ಮೇಲೆ ಬರೆದಿರುವುದೇ ಅಂತಿಮ. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಒಂದನ್ನು ಜೊತೆಯವರೆಲ್ಲ ಸೇರಿ ಒಯ್ಯಿರಿ. ಡಿರೇಲರನ್ನು ಚೌಕಟ್ಟಿಗೆ ಸೇರಿಸುವ ಹ್ಯಾಂಗರ್ ನಿಮ್ಮ ಚೌಕಟ್ಟಿನದೇ ಎರಡು ಇರಲಿ, ದ್ವೀಪದಲ್ಲಿ ಹುಡುಕಿದರೆ ಸಿಗುವ ವಸ್ತುವಲ್ಲ ಅದು.

ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್‌ಗಳಿಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಕೈಪಂಪ್ ಒಯ್ದರೆ ಆ ತಲೆನೋವೇ ಇಲ್ಲ. ಚೈನ್ ಸ್ವಚ್ಛಗೊಳಿಸುವ ಸ್ಪ್ರೇ ಡಬ್ಬಿ ಬಿಟ್ಟುಹೋಗಿ. ಇ-ಬೈಕ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ.

ಕಸ್ಟಮ್ಸ್ ವಿಷಯ: ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ, ಪೆಟ್ಟಿಗೆ ಒಳಗೆ ಹೋಗುವ ಮೊದಲು, ಕಸ್ಟಮ್ಸ್ ಅಧಿಕಾರಿಯಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಚೌಕಟ್ಟಿನ ಕೆಳಗೆ, ಪೆಡಲ್ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಹತ್ತಿರ ಕೊರೆದಿರುವ ಸಂಖ್ಯೆ ಅದರಲ್ಲಿ ನಮೂದಾಗಬೇಕು. ಬೈಕ್ ಕೊಂಡ ರಸೀದಿ ಮತ್ತು ಆ ಸಂಖ್ಯೆಯ ಫೋಟೊ ಜೊತೆಗಿರಲಿ. ಈ ಕಾಗದ ಇದ್ದರೆ ಮರಳುವಾಗ ಹೊಸ ಬೈಕ್ ತಂದಿರಿ ಎಂಬ ವಾದ ಹುಟ್ಟುವುದಿಲ್ಲ. ಸಾಲು ಉದ್ದವಿರುತ್ತದೆ, ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಟೈರ್, ಶೂಗಳ ಮಣ್ಣನ್ನು ಮನೆಯಲ್ಲೇ ತೊಳೆದುಬಿಡಿ. ದ್ವೀಪಗಳಿಗೆ ಹೊರಗಿನ ಬೀಜ, ಕೀಟ ಎಂದರೆ ಭಯ. ಕರಿಬೇವು, ಹಣ್ಣು, ತುಪ್ಪ ಯಾವುದೂ ಚೀಲದಲ್ಲಿರಬಾರದು.

ನನ್ನ ಬೈಕ್‌ನಲ್ಲಿ ಎರಡು ಪಿಸ್ಟನ್ ಬ್ರೇಕ್, 180 ಮಿ.ಮೀ. ರೋಟರ್ ಇದೆ. ಇಲ್ಲಿನ ತುರಹಳ್ಳಿ, ಅವಲಹಳ್ಳಿಯ ಕಾಡುದಾರಿಗಳಲ್ಲಿ ಸಾಕಾಗುತ್ತದೆ. ಅಲ್ಲಿಗೂ ಸಾಕೇ? — ಓದುಗರು, ಬೆಂಗಳೂರು

ಸಾಲದು. ಯಾಕೆಂದು ಲೆಕ್ಕ ಹಾಕಿಯೇ ನೋಡೋಣ. ಸವಾರ, ಬೈಕ್, ಕವಚ ಎಲ್ಲ ಸೇರಿ 100 ಕೆ.ಜಿ. ಎಂದಿಟ್ಟುಕೊಳ್ಳಿ. 2,200 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 21.5 ಲಕ್ಷ ಜೂಲ್. ಆರು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದಷ್ಟು. ಗಾಳಿ, ಟೈರ್, ಸಸ್ಪೆನ್ಷನ್ ಒಂದು ಪಾಲು ನುಂಗುತ್ತವೆ. ಉಳಿದದ್ದೆಲ್ಲ ನಿಮ್ಮ ಎರಡು ರೋಟರ್‌ಗಳಿಗೆ. ತುರಹಳ್ಳಿಯ ಇಳಿಜಾರು ಮುಗಿಯುವಷ್ಟರಲ್ಲಿ ರೋಟರ್ ಆರಲು ಸಮಯ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ.

ನಾಲ್ಕು ಪಿಸ್ಟನ್ ಕ್ಯಾಲಿಪರ್, ಮುಂದೆ 200 ಅಥವಾ 203 ಮಿ.ಮೀ. ರೋಟರ್, ಚೌಕಟ್ಟು ಒಪ್ಪಿದರೆ ಹಿಂದೆಯೂ ಅಷ್ಟೇ. ಚೌಕಟ್ಟಿನ ಗರಿಷ್ಠ ಅಳತೆಯನ್ನು ತಯಾರಕರ ಕೈಪಿಡಿಯಲ್ಲಿ ನೋಡಿ, ಊಹಿಸಬೇಡಿ. ಪ್ಯಾಡ್ ಸಿಂಟರ್ಡ್ ಲೋಹದ್ದು. ಶಬ್ದ ಮಾಡುತ್ತದೆ, ಮೊದಲ ಕಚ್ಚು ಮಂದ, ಆದರೆ ಬಿಸಿಯಲ್ಲಿ ಕೈಕೊಡುವುದಿಲ್ಲ. ರೆಸಿನ್ ಪ್ಯಾಡ್ ಬಿಸಿಯಾದಂತೆ ಮೇಲ್ಮೈ ಗಾಜಿನಂತಾಗಿ ಹಿಡಿತ ಬಿಡುತ್ತದೆ.

ಹೊಸ ಪ್ಯಾಡ್‌ಗಳನ್ನು ಊರಲ್ಲೇ ಪಳಗಿಸಿ: ಗಂಟೆಗೆ 25–30 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಳಿಸುವುದು, ಚಕ್ರ ಲಾಕ್ ಆಗದಂತೆ, ಪ್ರತಿ ಬ್ರೇಕಿಗೆ ಇಪ್ಪತ್ತು ಸಲ. ಹೊರಡುವ ಎರಡು ವಾರ ಮೊದಲು ಬ್ಲೀಡ್ (ಬ್ರೇಕ್ ದ್ರವದೊಳಗಿನ ಗಾಳಿ ತೆಗೆಯುವುದು) ಮಾಡಿಸಿ. ಹಿಂದಿನ ದಿನ ಮಾಡಿಸಿದರೆ ತಪ್ಪು ತಿಳಿಯುವುದು ಮೈದೊದ ಮೇಲೆ. ಡಾಟ್ ಎಂಬ ಬ್ರೇಕ್ ದ್ರವ ತೇವ ಹೀರುತ್ತದೆ, ಹಾಗಾಗಿ ವರ್ಷಗಟ್ಟಲೆ ಹಳೆಯದಿದ್ದರೆ ಕುದಿಬಿಂದು ಇಳಿದಿರುತ್ತದೆ; ಕುದಿದರೆ ಲಿವರ್ ಹ್ಯಾಂಡಲ್‌ಬಾರ್ ಮುಟ್ಟುತ್ತದೆ, ಬ್ರೇಕ್ ಇರುವುದಿಲ್ಲ. ಶಿಮಾನೋ ಕಂಪನಿಯ ಖನಿಜ ತೈಲದ ಬ್ರೇಕಿಗೆ ಡಾಟ್, ಡಾಟ್ ಬ್ರೇಕಿಗೆ ತೈಲ ಹಾಕಿದರೆ ಸೀಲುಗಳು ಹಾಳು. ಶಿಮಾನೋ ಪ್ಯಾಡಿನ ಉಜ್ಜುವ ಪದರ 0.5 ಮಿ.ಮೀ.ಗೆ, ಸ್ರಾಮ್ ಕಂಪನಿಯ ಪ್ಯಾಡ್ ಹಿಂಬದಿಯ ತಟ್ಟೆ ಸೇರಿ 3 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಮೇಲೆ ಹೋಗುವಾಗ ಆ ಮಿತಿಗೆ ಹತ್ತಿರವಿದ್ದರೂ ಬದಲಿಸಿ. ಎರಡು ಜೊತೆ ಹೆಚ್ಚುವರಿ ಪ್ಯಾಡ್ ಒಯ್ಯಿರಿ.

ಇದಕ್ಕೆಲ್ಲ ಹಣ ಹೊಂದಿಸಲು ಕಾರ್ಬನ್ ಹ್ಯಾಂಡಲ್‌ಬಾರ್, ಹಗುರ ಚಕ್ರಗಳ ಆಸೆ ಬಿಡಬೇಕಾದರೆ ಬಿಡಿ.

ಟೈರ್ ಒತ್ತಡ ಕೆಳಗೆ ಹೊಂದಿಸಿಕೊಂಡು ಹೋದರೆ ಎತ್ತರದಲ್ಲಿ ಹೆಚ್ಚಾಗುತ್ತದೆಯಂತೆ. ಎಷ್ಟು? — ಓದುಗರು, ಮಂಗಳೂರು

ಒಳ್ಳೆಯ ಪ್ರಶ್ನೆ, ಅರ್ಧ ಸತ್ಯ. 2,200 ಮೀಟರ್‌ನಲ್ಲಿ ಹೊರಗಿನ ವಾಯುಭಾರ ಸುಮಾರು 3.4 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಕಡಿಮೆ. ತಾಪಮಾನ ಬದಲಾಗದಿದ್ದರೆ ಕೆಳಗೆ 25 ತೋರಿಸಿದ ಟೈರ್ ಮೇಲೆ 28ರ ಮೇಲೆ ತೋರಿಸಬೇಕು. ಆದರೆ ಕರಾವಳಿಯಲ್ಲಿ 28 ಡಿಗ್ರಿ ಇದ್ದಾಗ ಮೈದೊದ ಬೆಳಗ್ಗೆ 10 ಡಿಗ್ರಿಯ ಆಸುಪಾಸು ಇರಬಹುದು. ಆ ಚಳಿಗೆ ಒಳಗಿನ ಗಾಳಿ ಕುಗ್ಗಿ ಸುಮಾರು 2.4 ಪಿಎಸ್‌ಐ ಕಳೆಯುತ್ತದೆ. ಒಟ್ಟಾರೆ ಉಳಿಯುವುದು ಒಂದು ಪಿಎಸ್‌ಐ ಏರಿಕೆ. ಅದಕ್ಕಾಗಿ ಗಾಳಿ ಬಿಡಬೇಕಿಲ್ಲ. ಎರಡು ಬೇರೆ ಬೇರೆ ಗೇಜ್‌ಗಳ ನಡುವಿನ ವ್ಯತ್ಯಾಸವೇ ಇದಕ್ಕಿಂತ ಹೆಚ್ಚಿರುತ್ತದೆ, ಹಾಗಾಗಿ ನಿಮ್ಮ ಗೇಜ್ ಒಂದನ್ನೇ ಕೊನೆವರೆಗೆ ಬಳಸಿ.

ನಿಜವಾದ ಶತ್ರು ಲಾವಾ ಕಲ್ಲು. ಅಂಚು ಹರಿತ, ಟೈರಿನ ಪಕ್ಕೆ ಸೀಳುತ್ತದೆ. ತೆಳು ಪದರದ ಟ್ರೇಲ್ ಟೈರ್ ಬೇಡ. ಎಂಡ್ಯೂರೊ ಅಥವಾ ಡೌನ್‌ಹಿಲ್ ದರ್ಜೆಯ ಪಕ್ಕೆ, 2.4–2.5 ಇಂಚು ಅಗಲ, ಹಿಂದಿನ ಟೈರಿನೊಳಗೆ ಫೋಮ್ ಇನ್ಸರ್ಟ್ (ರಿಮ್ ಕಾಯುವ ಮೆತ್ತೆ). 70 ಕೆ.ಜಿ. ಸವಾರರಿಗೆ ಮುಂದೆ 22–24, ಹಿಂದೆ 25–27 ಪಿಎಸ್‌ಐನಿಂದ ಶುರು ಮಾಡಿ. 29 ಇಂಚಿನ ಟೈರಿಗೆ ತಲಾ 100–120 ಮಿ.ಲೀ. ಸೀಲಂಟ್ (ತೂತು ತಾನೇ ಮುಚ್ಚುವ ದ್ರವ), ಅದೂ ತಾಜಾ. ಸವಾರಿಗೆ ತೂತಿಗೆ ತುರುಕುವ ದಪ್ಪ ಪ್ಲಗ್ ನಾಲ್ಕು, ಒಂದು ಟ್ಯೂಬ್, ಸೀಳಿದ ಜಾಗದ ಒಳಗೆ ಇಡಲು ಹಳೇ ಟೈರಿನ ತುಂಡು. ಪ್ಲಗ್‌ಗಳು ಚೌಕಟ್ಟಿನ ಮೇಲೇ ಇರಲಿ, ಚೀಲದ ತಳದಲ್ಲಲ್ಲ.

ಇಳಿಜಾರೇ ತಾನೇ, ಅಷ್ಟೊಂದು ದೈಹಿಕ ತಯಾರಿ ಬೇಕೇ? ಜಾಡು ಹೇಗಿರುತ್ತದೆ? — ಓದುಗರು, ಚಿಕ್ಕಮಗಳೂರು

ಮೊದಲು ಕೈ ಸೋಲುತ್ತದೆ. ಮುಂಗೈ ಸ್ನಾಯು ಗಟ್ಟಿಕಟ್ಟಿ ಬೆರಳುಗಳು ಲಿವರ್ ಎಳೆಯಲಾರದ ಹಂತಕ್ಕೆ ಬರುತ್ತವೆ. ಲಿವರ್ ಒಳಕ್ಕೆ ತಂದು ಒಂದೇ ಬೆರಳಿಗೆ ಸಿಗುವಂತೆ ಮಾಡಿ. ಉದ್ದಕ್ಕೂ ಸ್ವಲ್ಪ ಸ್ವಲ್ಪ ಬ್ರೇಕ್ ಹಿಡಿದಿರುವ ಬದಲು ನೇರ ದಾರಿಯಲ್ಲಿ ಗಟ್ಟಿಯಾಗಿ ಹಿಡಿದು ತಿರುವಿಗೆ ಮುಂಚೆ ಬಿಡುವುದನ್ನು ರೂಢಿಸಿ. ಕೈಗೂ ರೋಟರಿಗೂ ಒಟ್ಟಿಗೆ ಬಿಡುವು. ನಮ್ಮಲ್ಲಿ ಅಷ್ಟು ಉದ್ದದ ಇಳಿಜಾರು ಇಲ್ಲ, ಆದ್ದರಿಂದ ಒಂದೇ ಇಳಿಜಾರನ್ನು ನಡುವೆ ಕೂರದೆ ಎಂಟು ಹತ್ತು ಸಲ ಇಳಿಯಿರಿ. ಕಂಬಿಗೆ ಜೋತು ಬೀಳುವುದು, ಎರಡು ಕೈಯಲ್ಲಿ ಭಾರ ಹಿಡಿದು ನಡೆಯುವುದು ವಾರಕ್ಕೆ ಎರಡು ದಿನ. ಚಿಕ್ಕಮಗಳೂರಿನ ತೋಟದ ಹಾದಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ, ಮಾಲೀಕರ ಒಪ್ಪಿಗೆ ಇದ್ದರೆ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗಬೇಡಿ.

ಜಾಡು ಒಂದೇ ಬಗೆಯದಲ್ಲ. ಮೇಲೆ ಲಾವಾ ಕಲ್ಲು ಮತ್ತು ಕುರುಚಲು, ಆಮೇಲೆ ಟಮಾರಿನ್ (ಹುಣಸೆಯಲ್ಲ, ಒಂದು ಬಗೆಯ ಅಕೇಶಿಯ) ಮತ್ತು ಕ್ರಿಪ್ಟೊಮೇರಿಯ (ಜಪಾನಿನ ಸೂಚಿಪರ್ಣಿ ಮರ) ಕಾಡಿನ ಬೇರುಗಳು, ಕೆಳಗೆ ಕಬ್ಬಿನ ಗದ್ದೆ, ಕೊನೆಗೆ ಒಣ ಹುಲ್ಲುಗಾವಲಿನ ಸಡಿಲ ಕಲ್ಲು ಮತ್ತು ಧೂಳು. ಮಳೆ ಬಿದ್ದರೆ ಕಾಡಿನ ಬೇರುಗಳು ಸಾಬೂನಾಗುತ್ತವೆ, ಅದೇ ಹೊತ್ತಿಗೆ ಕೆಳಗೆ ಧೂಳೇ ಇರಬಹುದು. ನಡುವೆ ಪೆಡಲ್ ತುಳಿಯಲೇಬೇಕಾದ ತುಂಡುಗಳೂ ಉಂಟು. ಸೀಟು ಪೂರ್ತಿ ಕೆಳಗಿಟ್ಟು ಬಂದವರು ಅಲ್ಲಿ ಹಿಂದೆ ಬೀಳುತ್ತಾರೆ, ಓಡಿಸುತ್ತಲೇ ಸೀಟು ಏರಿಳಿಸುವ ಡ್ರಾಪರ್ ಪೋಸ್ಟ್ ಇರಲಿ. ಅಂತಿಮ ಓಟದಲ್ಲಿ ಎಲ್ಲಿ ನಿಲ್ಲುತ್ತೀರಿ ಎಂಬುದನ್ನು ಅರ್ಹತಾ ಸುತ್ತು ನಿರ್ಧರಿಸುತ್ತದೆ. ಹಿಂದಿನ ಸಾಲಾದರೆ ಮೊದಲ ಕಿರಿದಾದ ಜಾಗದಲ್ಲಿ ಇಳಿದು ಕಾಯಬೇಕಾಗುತ್ತದೆ, ಧೂಳು ಕುಡಿಯಬೇಕಾಗುತ್ತದೆ. ಅದಕ್ಕಾಗಿ ಅರ್ಹತಾ ಸುತ್ತನ್ನು ಅಭ್ಯಾಸವೆಂದು ತಿಳಿಯಬೇಡಿ. ಅಭ್ಯಾಸದ ದಿನ ಪೂರ್ತಿ ಇಳಿತ ಎರಡಕ್ಕಿಂತ ಹೆಚ್ಚು ಬೇಡ.

ಪೂರ್ಣ ಮುಖದ ಹೆಲ್ಮೆಟ್, ಬೆನ್ನು, ಮಂಡಿ, ಮೊಣಕೈ ರಕ್ಷೆ, ಉದ್ದ ಬೆರಳಿನ ಕೈಗವಸು ಇಲ್ಲದೆ ಬಿಡುವುದಿಲ್ಲ. ಎರಡು ಜೊತೆ ಗಾಗಲ್ಸ್ ಇರಲಿ. ಸಾಲಿನಲ್ಲಿ ನಿಂತಾಗ ಚಳಿ ಕಡಿಯುತ್ತದೆ. ಮಡಚಿ ಜೇಬಿಗೆ ಹಾಕಬಹುದಾದ ಗಾಳಿತಡೆ ಅಂಗಿ ಸಾಕು, ದಪ್ಪ ಜಾಕೆಟ್ ಕೆಳಗೆ ಬೇಯಿಸುತ್ತದೆ.

ವಿಮೆ ಯಾವುದು? — ಓದುಗರು, ಬೆಳಗಾವಿ

ಸಾಮಾನ್ಯ ಪ್ರವಾಸ ವಿಮೆಗಳು ಸ್ಪರ್ಧೆಯನ್ನು ಹೊರಗಿಡುತ್ತವೆ. ಮೌಂಟನ್ ಬೈಕ್ ಸ್ಪರ್ಧೆ, ಪರ್ವತ ರಕ್ಷಣೆ, ಆಸ್ಪತ್ರೆ, ಸ್ವದೇಶಕ್ಕೆ ಸಾಗಣೆ ಈ ನಾಲ್ಕೂ ಪಾಲಿಸಿಯಲ್ಲಿ ಅಕ್ಷರಶಃ ಬರೆದಿರಬೇಕು. ಏಜೆಂಟರ ಬಾಯಿಮಾತು ಲೆಕ್ಕಕ್ಕಿಲ್ಲ. ಆಯೋಜಕರು ವೈದ್ಯರ ಪ್ರಮಾಣಪತ್ರ ಕೇಳಿದರೆ ಅವರ ನಮೂನೆಯಲ್ಲೇ, ಸ್ಪರ್ಧೆಗೆ ಯೋಗ್ಯ ಎಂಬ ಮಾತು ಸೇರಿಸಿ ಮಾಡಿಸಿ. ತುರ್ತು ಸಂಖ್ಯೆ 112.

ಹೆಂಡತಿ, ಮಕ್ಕಳೂ ಬರುತ್ತಿದ್ದಾರೆ. ನಾವು ಸಸ್ಯಾಹಾರಿಗಳು. ಅವರಿಗೇನು ಇದೆ ಅಲ್ಲಿ? — ಓದುಗರು, ಮೈಸೂರು

ವಸತಿಯನ್ನು ಸೇಂಟ್ ಪಾಲ್ ಕಡೆಯ ಪಶ್ಚಿಮ ಕರಾವಳಿಯಲ್ಲೇ ಹಿಡಿಯಿರಿ. ವಿಮಾನ ನಿಲ್ದಾಣವಿರುವ ಸೇಂಟ್ ಡೆನಿಸ್ ಕಡೆ ಉಳಿದರೆ ದಿನವೂ ವಾಹನ ದಟ್ಟಣೆ ಕಾಯಬೇಕು. ಬಾಡಿಗೆ ವ್ಯಾನ್ ಬೇಗ ಮುಗಿಯುತ್ತದೆ, ವಿಮಾನದ ಟಿಕೆಟ್ ಜೊತೆಗೇ ಕಾದಿರಿಸಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಯ್ಯಿರಿ. ರಸ್ತೆಯ ಬಲಗಡೆ ಓಡಿಸಬೇಕು. ಹಣ ಯೂರೊ, ಪ್ಲಗ್ ದುಂಡು ಎರಡು ಕಡ್ಡಿಯದು.

ಮಕ್ಕಳನ್ನು ಮೈದೊಗೆ ಬೆಳಗ್ಗೆಯೇ ಕರೆದೊಯ್ಯಿರಿ. ಕೆಳಗೆ ರಸ್ತೆಯೇ ಇಲ್ಲದ ಮಾಫಾತ್ ಕಣಿವೆ ಕಾಣುತ್ತದೆ; ಹೊತ್ತೇರಿದರೆ ಮೋಡ ಬಂದು ಮುಚ್ಚುತ್ತದೆ. ಸಮುದ್ರ ಸ್ನಾನ ಎರ್ಮಿತಾಜ್ ಲಗೂನ್ (ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರು) ಒಳಗೆ, ಅಥವಾ ಕಾವಲು ಇರುವ ಜಾಗದಲ್ಲಿ ಮಾತ್ರ. ಶಾರ್ಕ್ ದಾಳಿಗಳ ನಂತರ 2013ರಿಂದ ಬೇರೆಡೆ ಈಜು, ಸರ್ಫಿಂಗ್ ನಿರ್ಬಂಧಿತ. ಓಟ ಮುಗಿಸಿ ಬಿಸಿಲಿಗೆ ಬೆಂದವರು ಕಂಡ ನೀರಿಗೆ ಹಾರುವ ಮೊದಲು ಫಲಕ ಓದಬೇಕು.

ಊಟ ಕಷ್ಟವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿನ ತೋಟಗಳಿಗೆ ಬಂದ ತಮಿಳರ ವಂಶಸ್ಥರು ಅಲ್ಲಿದ್ದಾರೆ, ದೇವಸ್ಥಾನಗಳಿವೆ. ಅನ್ನ, ಸಿಲಾವೊಸ್ ಊರಿನ ಮಸೂರದಂಥ ಬೇಳೆ, ಸೊಪ್ಪಿನ ಪಲ್ಯ, ತರಕಾರಿಯ ಉಪ್ಪಿನಕಾಯಿ ಎಲ್ಲ ಕಡೆ ಸಿಗುತ್ತವೆ. ಬೊಂಬೊಂ ಪಿಮಾಂ ಎಂದು ಮಾರುವ ಕರಿದ ತಿಂಡಿ ನಮ್ಮ ಅಂಬೊಡೆಯ ಕಡೆಯ ಸಂಬಂಧಿ. ಆದರೆ ಬೇಳೆ, ಸೊಪ್ಪಿಗೂ ಹಂದಿ ಮಾಂಸದ ಚೂರು ಹಾಕುವ ಪದ್ಧತಿ ಕೆಲವೆಡೆ ಉಂಟು; ‘ಸಾಂ ವಿಯಾಂದ್, ಸಾಂ ಪ್ವಾಸೋಂ’, ಮಾಂಸ ಬೇಡ, ಮೀನು ಬೇಡ ಎಂದು ಕೇಳಿಯೇ ತಟ್ಟೆ ಹಿಡಿಯಿರಿ. ಭಾನುವಾರ ಮಧ್ಯಾಹ್ನದ ನಂತರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಅಂತಿಮ ಓಟ ಭಾನುವಾರವಾದರೆ ಆ ರಾತ್ರಿಯ ಅಕ್ಕಿ, ಬೇಳೆ ಶನಿವಾರವೇ ಕೊಂಡಿಡಿ.